ಕಾಣಲಿಲ್ಲವೆಂದರೆ ಇಲ್ಲವೆಂದೇ?

ಆಸ್ಬೆಸ್ಟಾಸ್ ಎಂಬ ಖನಿಜಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರುಂಟು. ತಮಿಳಿನಲ್ಲಿಯೂ ಅದು ಕಲ್ನಾರೇ. ಕಲ್ಲಿನಿಂದ ಬಿಡಿಸಿ ತೆಗೆದ ನಾರು ಎಂಬ ಅರ್ಥವನ್ನು ಎರಡು ಭಾಷೆಗಳೂ ಒಂದೇ ಮಾತಿನಲ್ಲಿ ಹಿಡಿದಿವೆ. ಗ್ರೀಕರ 'ಆಸ್ಬೆಸ್ಟಾಸ್' ಎಂಬ ಶಬ್ದಕ್ಕೆ ಆರಿಸಲಾಗದ್ದು ಎಂದರ್ಥ. ಚೆನ್ನೈಗೆ ಬಂದು ನೆಲಸಿದ ನಮಗಾದರೋ ಅದು ಬರಿಯ 'ಷೀಟು'. ತಾರಸಿಯ ಮೇಲಿನ ಒಂಟಿ ಕೋಣೆ, ಕಾರು ನಿಲ್ಲಿಸುವ ಮಾಡು, ಹೋಟೆಲಿನ ಹಿಂಬದಿಯ ಅಡುಗೆಮನೆ, ಶಾಲೆಯ ಸೈಕಲ್ ಚಪ್ಪರ, ಕಲ್ಯಾಣಮಂಟಪದಲ್ಲಿ ಪಾತ್ರೆ ತೊಳೆಯುವ ಜಾಗ, ಇಂಥಲ್ಲೆಲ್ಲ ಬೂದುಬಣ್ಣದ ಅಲೆಯಲೆಯಾದ ಹಲಗೆಯನ್ನು ನಾವು ದಿನವೂ ಕಾಣುತ್ತೇವೆ. ಕಂಡೂ ಕಾಣದವರಂತೆ ಅದರ ಕೆಳಗೆ ಹಾದುಹೋಗುತ್ತೇವೆ.

ಈ ಷೀಟಿನ ವಿಚಾರವನ್ನು ವಿಜ್ಞಾನದ ಪ್ರಶ್ನೆಯಾಗಿ ಹಲವರು ಚರ್ಚಿಸಿದ್ದಾರೆ. ಅದು ಧರ್ಮದ ಪ್ರಶ್ನೆಯೂ ಹೌದೆಂದು ನನಗೆ ತೋರುತ್ತದೆ. ಒಂದು ಕಟ್ಟಡ ನನ್ನ ವಶದಲ್ಲಿದೆ ಎಂದುಕೊಳ್ಳೋಣ. ಅದರಲ್ಲಿ ಇತರರ ದೇಹಕ್ಕೆ ಹಾನಿ ಮಾಡಬಲ್ಲ ವಸ್ತು ಇರಬಹುದು. ಇದೆಯೋ ಇಲ್ಲವೋ ನನಗೆ ತಿಳಿಯದು. ತಿಳಿದುಕೊಳ್ಳಲೇಬೇಕೆಂದು ಯಾರೂ ನನ್ನನ್ನು ಬಲವಂತಪಡಿಸುತ್ತಿಲ್ಲ. ಹೀಗಿರುವಾಗ ಹುಡುಕಿ ನೋಡುವುದು ನನ್ನ ಕರ್ತವ್ಯವೆ? ಅಥವಾ ಮುಂದೆ ಏನಾದರೂ ಆದರೆ 'ನನಗೆ ಗೊತ್ತಿರಲಿಲ್ಲ' ಎಂಬ ಮಾತು ಸಾಕಾಗುತ್ತದೆಯೆ?

ಮೊದಲು ವಸ್ತುವಿನ ಸ್ವಭಾವವನ್ನು ತಿಳಿಯೋಣ. ಕಲ್ನಾರು ಬೆಂಕಿಗೆ ಉರಿಯದು, ಕೊಳೆಯದು, ತುಕ್ಕು ಹಿಡಿಯದು, ಎಳೆದರೆ ಸುಲಭವಾಗಿ ಹರಿಯದು, ಬೆಲೆಯೂ ಕಡಿಮೆ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಲಿನ ಬಂಡೆಗಳಲ್ಲಿಯೂ ಅದರ ಎಳೆಗಳಿವೆ. ಸಿಮೆಂಟಿಗೆ ಶೇಕಡ ಹತ್ತರ ಆಸುಪಾಸಿನಲ್ಲಿ ಈ ನಾರನ್ನು ಬೆರೆಸಿದರೆ ತೆಳ್ಳನೆಯ ಗಟ್ಟಿ ಹಲಗೆ ಸಿದ್ಧವಾಗುತ್ತದೆ. ಭಾರತದಲ್ಲಿ ಇದರ ತಯಾರಿಕೆ 1934ರಲ್ಲಿ ಇಂದಿನ ಮಧ್ಯಪ್ರದೇಶದ ಕೈಮೋರಿನಲ್ಲಿ ಮೊದಲಾಯಿತು. ಆದರೆ ಈ ನಾರು ಉದ್ದುದ್ದಕ್ಕೆ ಸೀಳುತ್ತ ಹೋಗಿ, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಗಾಳಿಯಲ್ಲಿ ತೇಲುತ್ತದೆ. ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶದಲ್ಲಿ ನಾಟಿಕೊಳ್ಳುತ್ತದೆ. ಯಾವ ಬಾಳಿಕೆಗಾಗಿ ಅದನ್ನು ಮೆಚ್ಚಿದೆವೋ ಆ ಬಾಳಿಕೆಯೇ ದೇಹದೊಳಗೆ ಶತ್ರುವಾಗುತ್ತದೆ. ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆಗೂಡಿನ ಒಳಪೊರೆಗೆ ತಗಲುವ ಮೀಸೋಥೀಲಿಯೋಮ ಎಂಬ ಮಾರಕ ಕ್ಯಾನ್ಸರ್, ಇವು ಅದರಿಂದ ಬರುವ ರೋಗಗಳು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಇದು ತಿಳಿದದ್ದು ನಿನ್ನೆ ಮೊನ್ನೆಯಲ್ಲ. 1924ರಲ್ಲಿಯೇ ಇಂಗ್ಲೆಂಡಿನ ರೋಗಶಾಸ್ತ್ರಜ್ಞ ವಿಲಿಯಂ ಕುಕ್ ಅವರು ಕಲ್ನಾರಿನ ಗಿರಣಿಯಲ್ಲಿ ದುಡಿದು ಸತ್ತ ಹೆಂಗಸೊಬ್ಬಳ ಶ್ವಾಸಕೋಶವನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. 1930ರಲ್ಲಿ ಅಲ್ಲಿನ ಸರ್ಕಾರದ ಮುಂದೆ ಮೆರ್ವೆದರ್ ಮತ್ತು ಪ್ರೈಸ್ ಅವರ ವರದಿ ಬಂತು. 1960ರಲ್ಲಿ ದಕ್ಷಿಣ ಆಫ್ರಿಕದ ವ್ಯಾಗ್ನರ್ ಮತ್ತು ಅವರ ಸಹೋದ್ಯೋಗಿಗಳು 33 ಮಂದಿ ಮೀಸೋಥೀಲಿಯೋಮ ರೋಗಿಗಳ ವಿವರ ಕೊಟ್ಟರು. ಅವರಲ್ಲಿ ಹಲವರು ಗಣಿಯಲ್ಲಿ ದುಡಿದವರಲ್ಲ, ಗಣಿಯ ಆಸುಪಾಸಿನಲ್ಲಿ ಬಾಳಿದವರು ಮಾತ್ರ. ನಾರು ಒಳಹೋದ ದಿನಕ್ಕೂ ರೋಗ ತಲೆದೋರುವ ದಿನಕ್ಕೂ ನಡುವೆ 20ರಿಂದ 50 ವರ್ಷಗಳ ಅಂತರ ಇರಬಹುದು.

ನಮ್ಮ ನೈತಿಕ ಪ್ರಜ್ಞೆಯನ್ನು ಮಂಕಾಗಿಸುವುದು ಈ ಅಂತರವೇ. ಕಲ್ಲು ಎಸೆದವನಿಗೆ ತಗಲಿದವನ ಕೂಗು ಕೇಳುತ್ತದೆ. ಅವನು ನಾಚಬಹುದು, ಓಡಬಹುದು, ಕ್ಷಮೆ ಕೇಳಬಹುದು. ಆದರೆ ಇಂದು ಷೀಟಿಗೆ ತೂತು ಕೊರೆಸಿದವನಿಗೆ ನಲವತ್ತು ವರ್ಷದ ಅನಂತರ ಎಲ್ಲೋ ಕೆಮ್ಮುವವನ ಸದ್ದು ಕೇಳುವುದಿಲ್ಲ. ಕಾರಣವೊಂದು ಕಡೆ, ಕಾರ್ಯವೊಂದು ಕಡೆ. ನಡುವೆ ಮನೆಯ ಒಡೆಯ ಬದಲಾಗಿರುತ್ತಾನೆ, ಕೆಲಸದವನು ಊರು ಬಿಟ್ಟಿರುತ್ತಾನೆ. ಹಾನಿ ಮಾಡಿದವನಿಗೂ ಹಾನಿಗೊಂಡವನಿಗೂ ಪರಸ್ಪರ ಪರಿಚಯವೇ ಆಗುವುದಿಲ್ಲ.

ಹಾಗಾದರೆ ಈ ಹೊದಿಕೆಯನ್ನು ಹಾಕಿಸಿದವರೆಲ್ಲ ತಪ್ಪಿತಸ್ಥರೆ? ಹಾಗೆನ್ನುವುದು ಅನ್ಯಾಯ. ಚೆನ್ನೈ ನಗರದ ಬಡವರ ಬದುಕನ್ನು ಬಲ್ಲವರಿಗೆ ಓಲೆಗರಿಯ ಗುಡಿಸಲಿಗೂ ಬೆಂಕಿಗೂ ಇದ್ದ ನಂಟು ಗೊತ್ತು. ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಇಡೀ ಸಾಲು ಬೂದಿ. 1970ರಲ್ಲಿ ತಮಿಳುನಾಡಿನಲ್ಲಿ ಕೊಳೆಗೇರಿ ನಿರ್ಮೂಲನ ಮಂಡಳಿ ಹುಟ್ಟಿದ ಕಾಲದ ಮದರಾಸಿನಲ್ಲಿ ಇದು ದೊಡ್ಡ ಭಯವಾಗಿತ್ತು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯಿಂದ ಎದ್ದ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಆಮೇಲೆ ರಾಜ್ಯದ ಶಾಲೆಗಳಿಂದ ಗರಿಯ ಚಾವಣಿಯನ್ನು ತೆಗೆಸುವ ಆಜ್ಞೆ ಹೊರಟಿತು. ಕೈಯಲ್ಲಿ ಹೆಚ್ಚು ಹಣವಿಲ್ಲದ ಶಾಲೆಗೆ ಉರಿಯದ ಅಗ್ಗದ ಹೊದಿಕೆ ಎಂದರೆ ಥಟ್ಟನೆ ನೆನಪಾಗುವುದು ಯಾವುದು? ಇದೇ ಷೀಟು. ಮಕ್ಕಳನ್ನು ಬೆಂಕಿಯಿಂದ ಕಾಪಾಡಲು ಅದನ್ನು ಹೊದಿಸಿದವರ ಕೈಯಲ್ಲಿ ಪಾಪವಿಲ್ಲ. ಅದಾದ ಐದು ವರ್ಷಕ್ಕೆ, ನಮ್ಮ ಕಾಸರಗೋಡನ್ನೂ ಒಳಗೊಂಡ ಕೇರಳದಲ್ಲಿ, 2009ರಲ್ಲಿ ರಾಜ್ಯದ ಮಾನವ ಹಕ್ಕುಗಳ ಆಯೋಗ ಶಾಲೆಗಳ ಆಸ್ಬೆಸ್ಟಾಸ್ ಚಾವಣಿಯನ್ನು ಹಂತಹಂತವಾಗಿ ತೆಗೆಯಬೇಕೆಂದು ಹೇಳಿತು. ಒಂದು ರಾಜ್ಯ ಪರಿಹಾರವೆಂದು ಕಂಡದ್ದು ಪಕ್ಕದ ರಾಜ್ಯಕ್ಕೆ ಸಮಸ್ಯೆಯಾಗಿ ಕಂಡಿತು. ಒಂದು ಕಾಲದ ಪುಣ್ಯಕಾರ್ಯ ಇನ್ನೊಂದು ಕಾಲಕ್ಕೆ ಹೊಣೆಯಾಗುವುದು ಹೀಗೆ. ಹಾಕಿದವರನ್ನು ದೂರುವುದು ಬೇಡ. ತಿಳಿದ ಮೇಲೆ ಏನು ಮಾಡುತ್ತೇವೆಂಬುದು ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತದೆ.

ತಿಳಿಯುವ ದಾರಿಗೆ ಹೊರದೇಶಗಳಲ್ಲಿ ಕಟ್ಟಡಗಳ ಆಸ್ಬೆಸ್ಟಾಸ್ ಸರ್ವೇಕ್ಷಣೆ ಎಂದು ಹೆಸರು. ಕೆಲಸ ಸರಳ, ಆದರೆ ತಾಳ್ಮೆ ಬೇಕು. ಬಲ್ಲವನೊಬ್ಬ ಕಟ್ಟಡದ ಹಳೆಯ ನಕ್ಷೆ, ಬಿಲ್ಲುಗಳನ್ನು ನೋಡಿ, ನೆಲಮಾಳಿಗೆಯಿಂದ ತಾರಸಿಯವರೆಗೆ ಒಂದೊಂದು ಕೋಣೆಯನ್ನೂ ಸುತ್ತುತ್ತಾನೆ. ಚಾವಣಿ ಮಾತ್ರವಲ್ಲ, ಮಳೆನೀರಿನ ಕೊಳವೆ, ಹಳೆಯ ನೀರಿನ ತೊಟ್ಟಿ, ತೂಗುಚಾವಣಿಯ ಹಲಗೆ, ಬಾಯ್ಲರಿನ ಕೊಳವೆಗೆ ಸುತ್ತಿದ ಹೊದಿಕೆ, ಹಳೆಯ ವಿದ್ಯುತ್ ಫಲಕ, ಲಿಫ್ಟಿನ ಬ್ರೇಕು ಇವನ್ನೂ ನೋಡುತ್ತಾನೆ. ಬರಿಗಣ್ಣಿನಿಂದ ನಿರ್ಣಯ ಹೇಳಲಾಗದು. ಕಲ್ನಾರು ಇರುವ ಷೀಟೂ ಇಲ್ಲದ ಷೀಟೂ ನೋಟಕ್ಕೆ ಅಣ್ಣತಮ್ಮಂದಿರಂತಿರುತ್ತವೆ. ಆದ್ದರಿಂದ ಜಾಗವನ್ನು ಒದ್ದೆಮಾಡಿ, ಧೂಳು ಏಳದಂತೆ ಉಗುರಿನಷ್ಟು ಚೂರು ತೆಗೆದು, ಎರಡು ಚೀಲಗಳಲ್ಲಿ ಭದ್ರಪಡಿಸಿ, ಗುರುತು ಬರೆದು, ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನಾರಿನ ಜಾತಿ ಗೊತ್ತಾಗುತ್ತದೆ. ಕೊನೆಗೆ ಯಾವ ಜಾಗದಲ್ಲಿ ಏನಿದೆ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿ ತಯಾರಾಗುತ್ತದೆ.

ಈ ಪಟ್ಟಿಯಲ್ಲಿ ಒಂದು ಅಂಕಣವಿದೆ. ಈ ಲೇಖನದ ತಿರುಳು ಅಲ್ಲಿಯೇ ಇದೆ. ಬೀಗ ಹಾಕಿದ ಕೋಣೆ, ಗೋಡೆಯೊಳಗೆ ಮುಚ್ಚಿಹೋದ ಕೊಳವೆ, ಏಣಿ ಎಟುಕದ ಮೂಲೆ, ಇಂಥ ಕಡೆ ಪರೀಕ್ಷಕ 'ಇಲ್ಲ' ಎಂದು ಬರೆಯುವಂತಿಲ್ಲ. 'ನೋಡಲಾಗಲಿಲ್ಲ, ಇದೆಯೆಂದೇ ಎಣಿಸತಕ್ಕದ್ದು' ಎಂದು ಬರೆಯಬೇಕು.

ನಮ್ಮ ದೇಶದ ತಾರ್ಕಿಕರಿಗೆ ಈ ನಿಯಮ ಹೊಸದಾಗಿ ತೋರುತ್ತಿರಲಿಲ್ಲ. ಒಂದು ವಸ್ತು ಇಲ್ಲವೆಂಬುದನ್ನು ನಾವು ಹೇಗೆ ಅರಿಯುತ್ತೇವೆ ಎಂಬುದನ್ನು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಆಳವಾಗಿ ವಿಚಾರಿಸಿ, ಅನುಪಲಬ್ಧಿ ಎಂಬುದನ್ನು ಪ್ರತ್ಯೇಕ ಪ್ರಮಾಣವಾಗಿ ಒಪ್ಪಿದರು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಆದರೆ ಕತ್ತಲಲ್ಲಿ ನಿಂತು ಹಾಗೆನ್ನಬಹುದೆ? ಕೂಡದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿ ಇರುವಲ್ಲಿ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿ. ಇದಕ್ಕೆ ಅವರು ಯೋಗ್ಯಾನುಪಲಬ್ಧಿ ಎಂದರು. ಬೆಳಕಿರಬೇಕು, ಕಣ್ಣಿರಬೇಕು, ನೋಡುವ ಪ್ರಯತ್ನವಿರಬೇಕು. ಇವು ಮೂರೂ ಇಲ್ಲದೆ ಹೇಳಿದ 'ಇಲ್ಲ' ಎಂಬುದು ಜ್ಞಾನವಲ್ಲ, ಬರಿಯ ಬಾಯಿಮಾತು.

ಇಲ್ಲಿಂದ ನೀತಿಗೆ ಒಂದೇ ಹೆಜ್ಜೆ. ಗಡಿಗೆಯ ವಿಷಯದಲ್ಲಿ ತಪ್ಪಿದರೆ ಎಡವಿ ಬೀಳುವವನು ತಪ್ಪಿದವನೇ. ಕಲ್ನಾರಿನ ವಿಷಯದಲ್ಲಿ ಹಾಗಲ್ಲ. ನಾನು ನೋಡದೆ 'ಇಲ್ಲ' ಎಂದರೆ ಅದರ ಫಲವನ್ನು ಉಣ್ಣುವವನು ಬೇರೆ. ಫ್ಯಾನು ತೂಗುಹಾಕಲು ಬಂದ ಎಲೆಕ್ಟ್ರೀಷಿಯನ್, ಹಳೆಯ ಮನೆ ಕೆಡವಲು ದಿನಗೂಲಿಗೆ ಬಂದ ಆಳು, ಒಡೆದ ಚೂರುಗಳನ್ನು ಒಣಪೊರಕೆಯಲ್ಲಿ ಗುಡಿಸುವ ಹೆಂಗಸು, ಅವರೇ ಆ ಉಸಿರನ್ನು ಎಳೆದುಕೊಳ್ಳುವವರು. ತೀರ್ಮಾನವಾದ ಕೋಣೆಯಲ್ಲಿ ಅವರಿರಲಿಲ್ಲ. ತಿಳಿಯದಿರುವುದರ ಸುಖ ಒಬ್ಬನಿಗೆ, ದುಃಖ ಮತ್ತೊಬ್ಬನಿಗೆ ಎಂದಾದಾಗ ತಿಳಿಯದಿರುವುದು ನಿರಪರಾಧವಾಗಿ ಉಳಿಯುವುದಿಲ್ಲ. ತಿಳಿಯಲು ಸಾಧ್ಯವಿಲ್ಲದ್ದು ಅಜ್ಞಾನ. ತಿಳಿಯಬಹುದಾದದ್ದನ್ನು ತಿಳಿಯದೆ ಬಿಡುವುದು ಉಪೇಕ್ಷೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಬಹುದು, ಲೋಕ ಕಣ್ಣು ಮುಚ್ಚಿರುವುದಿಲ್ಲ ಎಂದು ನಮ್ಮ ಹಿರಿಯರು ನಕ್ಕು ಹೇಳಿದ ಮಾತಿನ ಹಿಂದೆ ಇದೇ ಎಚ್ಚರವಿದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು: "ಬದಲಿಸಲು ಹಣವಿಲ್ಲ, ತಿಳಿದು ಮಾಡುವುದೇನು? ಸುಮ್ಮನೆ ನಿದ್ದೆಗೆಡುವುದು ತಾನೆ?" ಷೀಟು ಮನೆಯಲ್ಲಿ ಬಾಡಿಗೆಗಿರುವ ಕುಟುಂಬ ಈ ಮಾತನ್ನಾಡಿದರೆ ಎದುರಾಡುವ ಧೈರ್ಯ ನನಗಿಲ್ಲ. ಆದರೆ ತಿಳಿಯುವುದೆಂದರೆ ಕಿತ್ತೆಸೆಯುವುದೆಂದಲ್ಲ. ಒಡೆಯದೆ, ಸವೆಯದೆ, ಯಾರೂ ಕೊರೆಯದೆ ಬಿಟ್ಟ ಗಟ್ಟಿ ಷೀಟಿನಿಂದ ನಾರು ಹೊರಬೀಳುವುದು ತೀರ ಕಡಿಮೆ. ಕೊರೆಯುವಾಗ, ಗರಗಸ ಹಾಕುವಾಗ, ತಂತಿಬ್ರಷ್ಷಿನಿಂದ ಉಜ್ಜುವಾಗ, ಒಡೆದು ಕೆಡಹುವಾಗ ಅಪಾಯ ಹೆಚ್ಚು. ಹಾಗಾದ್ದರಿಂದ ಇದೆಯೆಂದು ತಿಳಿದ ಬಡವನಿಗೂ ಮಾಡಬಹುದಾದ ಕಾಸಿಲ್ಲದ ಕೆಲಸಗಳಿವೆ: ಕೊರೆಯಬೇಡ, ಒಣದಾಗಿ ಗುಡಿಸಬೇಡ, ಒದ್ದೆಮಾಡಿ ಎತ್ತು, ಮಕ್ಕಳನ್ನು ದೂರವಿಡು. ತಿಳಿಯದವನಿಗೆ ಈ ಆಯ್ಕೆಯೂ ಇಲ್ಲ.

ಎರಡನೆಯ ಆಕ್ಷೇಪ ಗಾಬರಿಯದು. ಸುದ್ದಿ ಹಬ್ಬಿದರೆ ಜನ ಹೆದರಿ ಕೈಗೆ ಸಿಕ್ಕ ಸುತ್ತಿಗೆಯಿಂದ ಎಲ್ಲವನ್ನೂ ಒಡೆದು ಬೀದಿಗೆ ಸುರಿದಾರು ಎಂಬ ಅಂಜಿಕೆ. ಈ ಅಂಜಿಕೆ ನಿಜವೇ. ಹೆದರಿ ಒಡೆದ ಷೀಟು ಸುಮ್ಮನೆ ಬಿಟ್ಟ ಷೀಟಿಗಿಂತ ಕೇಡು. ಆದರೆ ಗಾಬರಿಗೆ ಮದ್ದು ಮೌನವಲ್ಲ, ಸರಿಯಾದ ಪಟ್ಟಿ. ಯಾವುದನ್ನು ಮುಟ್ಟಬಾರದು, ಯಾವುದಕ್ಕೆ ಬಣ್ಣ ಬಳಿದು ಮುಚ್ಚಿಡಬಹುದು, ಯಾವುದನ್ನು ಬಲ್ಲವರಿಂದ ಇಡಿಯಾಗಿ ಬಿಚ್ಚಿಸಿ ತೆಗೆಸಬೇಕು ಎಂದು ಹೇಳುವುದೇ ತಪಾಸಣೆಯ ಪ್ರಯೋಜನ. ಅಲ್ಲದೆ ನಾವು ಮುಟ್ಟದಿದ್ದರೂ ಗಾಳಿ ಮುಟ್ಟುತ್ತದೆ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಯನ್ನು ಹೊಡೆದುದನ್ನು ನಾವ್ಯಾರೂ ಮರೆತಿಲ್ಲ. ಅಂಥ ಬಿರುಗಾಳಿ ಷೀಟುಗಳನ್ನು ಹಾರಿಸಿ ಒಡೆದ ಮರುದಿನ ಚೂರುಗಳನ್ನು ಎತ್ತುವವನಿಗೆ ತಾನು ಏನನ್ನು ಎತ್ತುತ್ತಿದ್ದೇನೆಂದು ತಿಳಿದಿರಬೇಡವೆ?

ಮೂರನೆಯ ಆಕ್ಷೇಪ ಹೆಚ್ಚು ಬಲವಾದದ್ದು: "ಸರ್ಕಾರವೇ ಮಾರಲು ಬಿಟ್ಟಿದೆ. ನನಗೇಕೆ ಈ ಉಸಾಬರಿ?" ಮಾತು ನಿಜ. ಬ್ರಿಟನ್ ನೀಲಿ ಮತ್ತು ಕಂದು ಕಲ್ನಾರನ್ನು 1985ರಲ್ಲಿಯೂ ಬಿಳಿಯದನ್ನು 1999ರಲ್ಲಿಯೂ ನಿಷೇಧಿಸಿತು. ನಮ್ಮ ಸರ್ಕಾರ ಕಲ್ನಾರಿನ ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದನ್ನು 1986ರಲ್ಲೇ ನಿಲ್ಲಿಸಿತು. ಆದರೂ ಬಿಳಿ ಕಲ್ನಾರನ್ನು ಹೊರಗಿನಿಂದ ವರ್ಷವರ್ಷವೂ ಲಕ್ಷಗಟ್ಟಲೆ ಟನ್ನು ತರಿಸಿ ಬಳಸಲು ಅಡ್ಡಿಯಿಲ್ಲ. ನಿಷೇಧ ಬೇಡಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿತು. ಆದರೆ ಅದೇ ನ್ಯಾಯಾಲಯ 1995ರ ಜನವರಿಯಲ್ಲಿ, ಕಲ್ನಾರಿನ ಕೆಲಸಗಾರರ ಮೊಕದ್ದಮೆಯಲ್ಲಿ, ಆರೋಗ್ಯದ ಹಕ್ಕು ಬದುಕುವ ಹಕ್ಕಿನಲ್ಲಿ ಸೇರಿದೆಯೆಂದು ತೀರ್ಪಿತ್ತಿತ್ತು. ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ಮುಂದಿನದೋ ಅಲ್ಲಿಯವರೆಗೆ ಕಾದಿಡಬೇಕೆಂದು ಕಾರ್ಖಾನೆಗಳಿಗೆ ವಿಧಿಸಿತು. ರೋಗ ನಿಧಾನವಾಗಿ ಬರುವುದರಿಂದ ನೆನಪೂ ಅಷ್ಟು ದೀರ್ಘವಾಗಿರಬೇಕು ಎಂಬ ತಿಳಿವು ಈ ಮಾತಿನಲ್ಲಿದೆ. ಕಾರ್ಖಾನೆಗೆ ಸಲ್ಲುವ ನ್ಯಾಯ ಕಟ್ಟಡಕ್ಕೂ ಏಕೆ ಸಲ್ಲಬಾರದು? ಕಾನೂನು ಅನುಮತಿಸಿದ್ದೆಲ್ಲ ಧರ್ಮವಾಗುವುದಿಲ್ಲ. ಕಾನೂನು ಕೇಳದ್ದೆಲ್ಲ ಅನಗತ್ಯವೂ ಆಗುವುದಿಲ್ಲ.

ಬೇರೆ ದೇಶಗಳು ಈ ನ್ಯಾಯವನ್ನು ಬರೆದಿಟ್ಟಿವೆ. ಅಮೆರಿಕದಲ್ಲಿ 1986ರ ಒಂದು ಕಾನೂನಿನಂತೆ ಶಾಲೆಗಳು ತಮ್ಮ ಕಟ್ಟಡಗಳನ್ನು ಪರೀಕ್ಷಿಸಿ, ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಿ, ಆ ಕಡತವನ್ನು ಮಕ್ಕಳ ತಾಯ್ತಂದೆಯರು ಕೇಳಿದರೆ ತೋರಿಸಬೇಕು. ಬ್ರಿಟನ್ನಿನಲ್ಲಿ 2004ರಿಂದ ಕಚೇರಿ, ಶಾಲೆ, ಅಂಗಡಿಗಳಂಥ ಕಟ್ಟಡಗಳನ್ನು ವಹಿಸಿಕೊಂಡವರ ಮೇಲೆ, ಕಲ್ನಾರು ಎಲ್ಲಿದೆಯೆಂದು ಕಂಡುಕೊಂಡು ರಿಪೇರಿಗೆ ಬರುವವರಿಗೆ ಮುಂಚಿತವಾಗಿ ತಿಳಿಸುವ ಹೊಣೆ ಇದೆ. ನಿಂತಿರುವ ಕಟ್ಟಡಗಳ ಬಗ್ಗೆ ಅಂಥ ಸಾರ್ವತ್ರಿಕ ಕಾನೂನು ನಮ್ಮಲ್ಲಿಲ್ಲ.

ಹಾಗೆಂದು ಪರದೇಶಗಳನ್ನೆಲ್ಲ ಹೊಗಳಬೇಕಿಲ್ಲ. ಕೆನಡ ತನ್ನ ಪಾರ್ಲಿಮೆಂಟಿನ ಕಟ್ಟಡಗಳಿಂದ ಕಲ್ನಾರನ್ನು ಜೋಪಾನವಾಗಿ ತೆಗೆಸುತ್ತಿದ್ದ ದಿನಗಳಲ್ಲಿಯೇ ಕ್ವಿಬೆಕ್ ಪ್ರಾಂತದ ಗಣಿಗಳಿಂದ ಅದನ್ನು ಭಾರತಕ್ಕೆ ಮಾರುತ್ತಿತ್ತು. ಆಸ್ಬೆಸ್ಟಾಸ್ ಎಂದೇ ಹೆಸರಿದ್ದ ಅಲ್ಲಿನ ಗಣಿಯೂರು 2020ರಲ್ಲಿ ಹೆಸರನ್ನು ಬದಲಿಸಿಕೊಂಡಿತು. ದೇಶವೇ 2018ರಲ್ಲಿ ನಿಷೇಧ ತಂದಿತು. ತನ್ನ ಮಾಡಿನ ಕೆಳಗೆ ಬೇಡವೆಂದು ತಿಳಿದದ್ದನ್ನು ನೆರೆಯವನ ಮಾಡಿಗೆ ಮಾರುವುದಕ್ಕೆ ಯಾವ ತರ್ಕವೂ ಸಮರ್ಥನೆ ಕೊಡಲಾರದು. ಆದರೆ ಈ ಮಾತನ್ನು ಕೆನಡಕ್ಕೆ ಹೇಳಿ ಕೈತೊಳೆದುಕೊಳ್ಳುವ ಮುನ್ನ ನಮ್ಮನ್ನೂ ಕೇಳಿಕೊಳ್ಳಬೇಕು. ಸ್ವಂತ ಫ್ಲಾಟಿನ ಷೀಟನ್ನು ತೆಗೆಸಿದವರು ಅದನ್ನು ಹಳೆಯ ಸಾಮಾನಿನವನಿಗೆ ಮಾರಿದರೆ ಅದು ಮತ್ತೊಂದು ಗುಡಿಸಲಿನ ತಲೆಯ ಮೇಲೆ ಏರುತ್ತದೆ. ಪ್ರಮಾಣ ಚಿಕ್ಕದು, ನ್ಯಾಯ ಅದೇ.

ನಾವು ಈ ಊರಿಗೆ ಬಂದು ಬಾಡಿಗೆ ಮನೆಗಳಲ್ಲಿ ಬದುಕಿದವರು. ಮನೆಯ ಯಜಮಾನ ಹೇಳಿದಷ್ಟನ್ನೇ ನಂಬಿದವರು. ಇಂದು ನಮ್ಮಲ್ಲಿ ಹಲವರು ಮನೆಯೊಡೆಯರು, ಫ್ಲಾಟುಗಳ ಸಂಘದ ಪದಾಧಿಕಾರಿಗಳು, ಶಾಲೆ, ಛತ್ರ, ದೇವಸ್ಥಾನಗಳ ಆಡಳಿತ ಸಮಿತಿಯಲ್ಲಿರುವವರು. ಕೇಳುವ ಜಾಗದಿಂದ ಹೇಳುವ ಜಾಗಕ್ಕೆ ಬಂದಿದ್ದೇವೆ. ಆದ್ದರಿಂದ ಹೊಣೆಯೂ ಜಾಗ ಬದಲಿಸಿದೆ. ಇಡೀ ನಗರವನ್ನು ಪರೀಕ್ಷಿಸುವುದು ನಮ್ಮಿಂದಾಗದು. ನಮ್ಮ ವಶದಲ್ಲಿರುವ ಒಂದು ಕಟ್ಟಡವನ್ನು ಒಮ್ಮೆ ಸುತ್ತಿ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಆಗದ ಕೆಲಸವಲ್ಲ. ಅನುಮಾನವಿದ್ದಲ್ಲಿ ನಾವೇ ಕೆರೆದು ನೋಡಹೋಗದೆ ಬಲ್ಲವರನ್ನು ಕರೆಸೋಣ. ಅದಕ್ಕೆ ಅನುಕೂಲವಿಲ್ಲದಿದ್ದರೆ ಇದೆಯೆಂದೇ ಎಣಿಸಿ ನಡೆದುಕೊಳ್ಳೋಣ.

ಆ ಪುಸ್ತಕದಲ್ಲಿ ಮೂರು ಅಂಕಣಗಳು ಸಾಕು: ಇದೆ, ಇಲ್ಲ, ನೋಡಲಾಗಲಿಲ್ಲ. ಮೂರನೆಯದನ್ನು ಎರಡನೆಯದರಲ್ಲಿ ಸೇರಿಸದಿರುವುದೇ ಮುಖ್ಯ. ಕೊರೆಯಲು, ಕೆಡಹಲು, ಗುಡಿಸಲು ಯಾರು ಬಂದರೂ ಕೆಲಸ ಮೊದಲಾಗುವ ಮುನ್ನ ಆ ಪುಟವನ್ನು ಅವರಿಗೆ ಓದಿ ಹೇಳಬೇಕು. ಅವರ ಭಾಷೆಯಲ್ಲಿ ಹೇಳಬೇಕು. ಕಲ್ನಾರು ಎಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.